ಚಿಕ್ಕ ಬಾಗಿಲಿನ ವ್ಯಾನು

ಇವತ್ತು ಬೆಳಿಗ್ಗೆ ಚಹಾದಲ್ಲಿ ಮರಳು ಸಿಕ್ಕಿತು. ಮೊದಲು ಸಕ್ಕರೆ ಸರಿಯಾಗಿ ಕರಗಿಲ್ಲ ಎಂದುಕೊಂಡೆ. ಆದರೆ ಹಲ್ಲಿನ ನಡುವೆ ಸಿಕ್ಕಿ ಹಾಗೆ ಕರಕರ ಎನ್ನುವ ಸ್ವಭಾವ ಸಕ್ಕರೆಗೆ ಇಲ್ಲ. ಎದುರಿಗೆ ಕೂತಿದ್ದ ನನ್ನ ಗಂಡ ಸುಧೀರ ತನ್ನ ಲೋಟವನ್ನು ಪೂರ್ತಿ ಕುಡಿದು, ಎದ್ದು ಬಾಯಿ ಮುಕ್ಕಳಿಸಿ ಬಂದು, ಒಂದು ಮಾತೂ ಆಡದೆ ಪೇಪರು ಬಿಡಿಸಿದ. ನನ್ನ ಅಡುಗೆಯ ವಿಷಯದಲ್ಲಿ ಅವನು ಬಹಳ ಹಿಂದೆಯೇ ಮೌನವ್ರತ ಹಿಡಿದಿದ್ದಾನೆ. ಸಂಸಾರ ಚೆನ್ನಾಗಿ ನಡೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಚಹಾ ಸೋಸುವ ಜಾಲರಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅಂಚಿನ ತಗಡಿನ ಮಡಿಕೆಯೊಳಗೆ ಕಂದು ಬಣ್ಣದ ಸಣ್ಣ ಸಣ್ಣ ಕಣಗಳು. ಸಮುದ್ರದ ಮರಳು. ಬಂದು ಸೇರಿಕೊಂಡು ಎಷ್ಟೋ ತಿಂಗಳಾಯಿತು, ತೊಳೆದಷ್ಟೂ ತೊಳೆದಷ್ಟೂ ಒಳಗೇ ಉಳಿದು, ಮನಸ್ಸು ಬಂದ ದಿನ ಒಂದಿಷ್ಟು ಉದುರಿಸುತ್ತದೆ. ಟಿ. ನಗರದಲ್ಲಿ ನನ್ನ ಬ್ಯಾಂಕಿನ ಮೆಟ್ಟಿಲಿಳಿದರೆ ಪಾತ್ರೆ ಅಂಗಡಿಗಳ ಸಾಲೇ ಇದೆ. ಹೊಸದೊಂದು ತರಬೇಕು ಎಂದು ಪ್ರತಿ ಸಲವೂ ಅಂದುಕೊಳ್ಳುತ್ತೇನೆ, ತರುವುದಿಲ್ಲ. ಯಾಕೆ ತರುವುದಿಲ್ಲ ಎಂದು ಹೇಳಹೊರಟರೆ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಹೋಗಲಿ ಬಿಡಿ, ಇವತ್ತು ನಿಮಗೂ ನನಗೂ ಭಾನುವಾರ.

ನಮ್ಮದು ಕೀಲ್ಪಾಕಿನ ಒಂದು ಗಲ್ಲಿಯಲ್ಲಿ ಎರಡನೇ ಮಹಡಿಯ ಮನೆ. ನಾನು, ಸುಧೀರ, ನಮ್ಮ ನಾಲ್ಕು ವರ್ಷದ ಮಗಳು ಜಾನು, ಅತ್ತೆ, ಮಾವ. ನಾನು ದಾವಣಗೆರೆಯವಳು. ಅತ್ತೆ ಮಾವ ಕುಂದಾಪುರದ ಕಡೆಯವರು, ಮದ್ರಾಸಿಗೆ ಬಂದು ಒಂದು ಜನ್ಮವೇ ಕಳೆದಿದ್ದರೂ ಮಾತು ಮಾತ್ರ ಊರಿನದೇ. ನಾನು 'ಐತಿ' ಎಂದರೆ ಅತ್ತೆ ನಗುತ್ತಾರೆ. ಅತ್ತೆ 'ಉಂಟು' ಎಂದರೆ ರಜೆಗೆ ಬಂದ ನನ್ನ ತಮ್ಮ ನಗುತ್ತಾನೆ. ಜಾನು ಎರಡನ್ನೂ ಅರ್ಥ ಮಾಡಿಕೊಂಡು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಇನ್ನು, ಈ ಮನೆ ಕಾಫಿಯ ಮನೆ. ಇದರೊಳಗೆ ಚಹಾ ತಂದವಳು ನಾನು. ಸುಧೀರನನ್ನು ಮದುವೆಯಾದ ಹೊಸತರ ಅಮಲಿನಲ್ಲಿ ನನ್ನ ಪಕ್ಷಕ್ಕೆ ಎಳೆದುಕೊಂಡೆ. ಅತ್ತೆ ಮಾವ ಅತ್ತ ಹೊರಳಲಿಲ್ಲ.

ಮಾವ ತ್ರಿಪ್ಲಿಕೇನಿನಲ್ಲಿ ಮೆಸ್ ನಡೆಸುತ್ತಿದ್ದರು. ಲಾಡ್ಜುಗಳಲ್ಲಿ ಉಳಿದುಕೊಂಡ ಬ್ರಹ್ಮಚಾರಿಗಳು, ಪರೀಕ್ಷೆಗೆ ಓದುವ ಹುಡುಗರು, ರೈಲ್ವೆಯ ಗುಮಾಸ್ತರು, ಎಲ್ಲರಿಗೂ ಬಾಳೆಲೆಯ ಮೇಲೆ ಬಿಸಿ ಸಾರು. ಅಡುಗೆ ಅವರದೇ. ಮೆಸ್ಸಿನ ಬಾಗಿಲಿನಿಂದ ಮರೀನಾಕ್ಕೆ ನಡೆದೇ ಹೋಗಬಹುದು, ಸಂಜೆ ಗಾಳಿ ತಿರುಗಿದರೆ ಉಪ್ಪಿನ ವಾಸನೆ ಸಾರಿನ ವಾಸನೆಯ ಜೊತೆ ಬೆರೆಯುತ್ತಿತ್ತಂತೆ. ಆದರೂ ಅವರು ಸಮುದ್ರಕ್ಕೆ ಹೋದದ್ದಿಲ್ಲ. ಊರಿಂದ ನೆಂಟರು ಬಂದರೆ ಕರೆದುಕೊಂಡು ಹೋಗುತ್ತಿದ್ದದ್ದು ಅತ್ತೆ. ಮಾವ ಹುಟ್ಟಿದ ಮನೆಯ ಹಿತ್ತಲು ದಾಟಿದರೆ ಸಮುದ್ರವೇ ಇತ್ತು, ನಡೆಯಲು ಕಲಿತ ಮೇಲೆ ಈಜು ಕಲಿತರೋ ಈಜು ಕಲಿತ ಮೇಲೆ ನಡೆದರೋ ಅವರಿಗೇ ನೆನಪಿಲ್ಲ. ಅಂಥವರಿಗೆ ಇಲ್ಲಿಯದು ಸಮುದ್ರವೆಂದೇ ಅನ್ನಿಸುತ್ತಿರಲಿಲ್ಲ. ಊರಿನ ಸಮುದ್ರದಲ್ಲಿ ಸೂರ್ಯ ಮುಳುಗುತ್ತಾನೆ, ಇಲ್ಲಿ ಹುಟ್ಟುತ್ತಾನೆ. ಮದ್ರಾಸಿನವರು ಸಮುದ್ರವನ್ನು ಹಿಂದುಮುಂದಾಗಿ ಇಟ್ಟುಕೊಂಡಿದ್ದಾರೆ ಎಂದು ಅವರ ದೂರು.

ನನ್ನ ಕಥೆ ಅದಕ್ಕಿಂತ ಕಡೆ. ಮದುವೆಯಾಗುವ ತನಕ ನಾನು ಕಂಡ ಅತಿ ದೊಡ್ಡ ನೀರೆಂದರೆ ಕೆರೆ. ಮರೀನಾಕ್ಕೆ ಮೊದಲ ಸಲ ಹೋದಾಗ ಕಡಲೆಕಾಳಿನ ಉಸಲಿಯಂಥ ಸುಂಡಲ್ ಪೊಟ್ಟಣ ಹಿಡಿದುಕೊಂಡು ನೀರಿಗೆ ಬೆನ್ನು ಹಾಕಿ ಕೂತಿದ್ದೆ. ಬೆನ್ನ ಹಿಂದೆ ಏನಾಗುತ್ತಿದೆಯೋ ಎಂಬ ಹೆದರಿಕೆಗೆ ನಡುನಡುವೆ ತಿರುಗಿ ನೋಡುವುದು ಬೇರೆ. ಸುಧೀರ ಅದನ್ನು ಈಗಲೂ ಎಲ್ಲರ ಮುಂದೆ ಅಭಿನಯಿಸಿ ತೋರಿಸುತ್ತಾನೆ.

ಮೆಸ್ ಮುಚ್ಚಿ ಮಾವ ಮನೆಯಲ್ಲಿ ಕೂತ ಮೇಲೂ ತಿರುಗಾಟ ನಿಂತಿರಲಿಲ್ಲ. ತ್ರಿಪ್ಲಿಕೇನಿನ ಹಳೆಯ ಗೆಳೆಯರು, ದೇವಸ್ಥಾನ, ಮದುವೆ, ಮುಂಜಿ. ಆಮೇಲೆ ಅವರಿಗೆ ಪ್ರಾಸ್ಟೇಟ್ ತೊಂದರೆಯಾಗಿ ಆಪರೇಷನ್ ಆಯಿತು. ಆಪರೇಷನ್ ಚೆನ್ನಾಗಿಯೇ ಆಯಿತು, ಡಾಕ್ಟರು ಬೆನ್ನು ತಟ್ಟಿ ಕಳಿಸಿದರು. ಆದರೆ ಮಾವ ನಿಧಾನವಾಗಿ ಮನೆಯಿಂದ ಹೊರಗೆ ಹೋಗುವುದನ್ನು ಬಿಟ್ಟರು. ಕ್ಷೌರಕ್ಕೆ ಮನೆಗೇ ಕರೆಸಿದರು. ದೇವಸ್ಥಾನವನ್ನು ಟಿವಿಯಲ್ಲಿ ನೋಡಿದರು. ಮದುವೆಗೆ ಕರೆಯಲು ಬಂದವರಿಗೆ ಮಂಡಿ ನೋವೆಂದು ಹೇಳಿ, ಎದ್ದು ನಿಲ್ಲುವಾಗ ನಮ್ಮೆಲ್ಲರ ಎದುರು ಒಂದು ಸಲ ಮಂಡಿ ನೀವಿಕೊಳ್ಳುತ್ತಿದ್ದರು.

ನಾನು ನಂಬಿದೆ. ನಂಬಿದವಳು ಸುಮ್ಮನಿರಬೇಕಲ್ಲ? ಎಣ್ಣೆ ತಂದೆ. ಮಂಡಿಗೆ ಹಾಕುವ ಪಟ್ಟಿ ತಂದೆ. ಮೂಳೆ ಡಾಕ್ಟರ ಹತ್ತಿರ ಸಮಯ ತೆಗೆದುಕೊಂಡು ಬಂದ ದಿನ ಅತ್ತೆ ಬೆಂಡೆಕಾಯಿ ಹೆಚ್ಚುತ್ತಾ, ತಲೆ ಎತ್ತದೆ, ದನಿ ತಗ್ಗಿಸಿ ಹೇಳಿದರು.

"ಮಂಡಿಗೆ ಎಂತದೂ ಆಗ್ಲಿಲ್ಲ ಸುಮಾ. ಇವರಿಗೆ ಒಂದಕ್ಕೆ ಬಂದ್ರೆ ತಡೀಲಿಕ್ಕೆ ಆಗುದಿಲ್ಲ. ಹೇಳ್ಲಿಕ್ಕೆ ನಾಚಿಕೆ."

ಉಳಿದದ್ದನ್ನು ಬಿಡಿಬಿಡಿಯಾಗಿ ಹೇಳಿದರು. ದೀಪಾವಳಿಗೆ ಮುಂಚೆ ಅವರಿಬ್ಬರೇ ಟಿ. ನಗರಕ್ಕೆ ಬಟ್ಟೆ ತರಲು ಹೋದಾಗ, ಅಂಗಡಿಯ ಲಿಫ್ಟಿನ ಮುಂದಿನ ಜನಜಂಗುಳಿಯಲ್ಲಿ ಅದು ಆಗಿಹೋಗಿತ್ತು. ಮಾವ ಸೀರೆಯ ಚೀಲವನ್ನು ಮುಂದೆ ಹಿಡಿದುಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಬಂದಿದ್ದರು. ಮನೆಗೆ ಬಂದು ಸ್ನಾನ ಮಾಡಿ ಜಪಕ್ಕೆ ಕೂತವರು ಆ ಬಗ್ಗೆ ಅತ್ತೆಯ ಹತ್ತಿರವೂ ಮಾತಾಡಲಿಲ್ಲ. ಅಂಗಡಿಯವರಾಗಲಿ ಪಕ್ಕದವರಾಗಲಿ ಕಂಡರೋ ಇಲ್ಲವೋ ಗೊತ್ತಿಲ್ಲ. ಅಂದಿನಿಂದ ಮಂಡಿ ನೋವು ಶುರುವಾಯಿತು.

ನಾನು ಅದನ್ನು ಸುಧೀರನಿಗೆ ಹೇಳಿದೆ. ನಮಗೆ ಗೊತ್ತಾದದ್ದು ಅಪ್ಪಯ್ಯನಿಗೆ ಗೊತ್ತಾಗಬಾರದು ಎಂದ ಅವನು. ಹಾಗಾಗಿ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಆಡದ ಮಾತೊಂದು ನಮ್ಮ ಜೊತೆ ವಾಸಕ್ಕೆ ಬಂದಂತಾಯಿತು. ನಾನು ಎಣ್ಣೆಯ ಬಾಟಲಿಯನ್ನು ಮೊದಲಿನ ಜಾಗದಲ್ಲೇ ಇಟ್ಟೆ. ಮಾವ ಅದನ್ನು ದಿನಾ ಮಂಡಿಗೆ ಹಚ್ಚಿಕೊಂಡರು.

ಈ ಹೊತ್ತಿನಲ್ಲೇ ಜಾನುವಿಗೆ ಸಮುದ್ರದ ಹುಚ್ಚು ಹತ್ತಿದ್ದು. ಶಾಲೆಯಿಂದ ಮಧ್ಯಾಹ್ನ ಬಂದವಳಿಗೆ ನಾವು ಬರುವ ತನಕ ಅಜ್ಜನೇ ಜೊತೆಗಾರ. ಅತ್ತೆ ಮಲಗಿರುತ್ತಿದ್ದರು. ಅಜ್ಜ ಬಾಲ್ಕನಿಯಲ್ಲಿ ಕೂತು ಅವಳಿಗೆ ತಮ್ಮ ಊರಿನ ಕಥೆ ಹೇಳುತ್ತಿದ್ದರು: ದೋಣಿ, ಬಲೆ, ಏಡಿಯ ಬಿಲ, ಅಲೆ ಬಂದು ಒಯ್ದ ಒಂದು ಚಡ್ಡಿ. ಅವಳಿಗೆ ಚಡ್ಡಿಯ ಕಥೆಯೇ ದಿನಾ ಬೇಕು. ಸಮುದ್ರ ಎಲ್ಲಿದೆ ಎಂದು ಅವಳು ಕೇಳಿದರೆ ಮಾವ ಪಶ್ಚಿಮಕ್ಕೆ ಕೈ ತೋರಿಸುತ್ತಿದ್ದರು. ಅಲ್ಲಿ ಎದುರು ಮನೆಯ ನೀರಿನ ಟ್ಯಾಂಕು ಇತ್ತು. ಮಗು ಆ ಟ್ಯಾಂಕಿನ ಹಿಂದೆಯೇ ಸಮುದ್ರ ಇದೆ ಎಂದು ನಂಬಿಕೊಂಡು ಕರೆದುಕೊಂಡು ಹೋಗಿ ಎಂದು ಹಟ ಹಿಡಿದಳು. ಸರಿ, ಭಾನುವಾರ ಮರೀನಾಕ್ಕೆ ಹೋಗೋಣ ಎಂದೆ. ಅಜ್ಜನೂ ಬರಬೇಕು ಎಂದಳು. ಅಜ್ಜನಿಗೆ ಮಂಡಿ ನೋವು ಎಂದೆ. ಹಾಗಾದರೆ ತಾನೂ ಬರುವುದಿಲ್ಲ, ತನಗೂ ಮಂಡಿ ನೋವು ಎಂದು ತನ್ನ ಮಂಡಿಯನ್ನು ಅಜ್ಜನ ಹಾಗೆಯೇ ನೀವಿಕೊಂಡಳು. ಮಾವ ಮುಖ ತಿರುಗಿಸಿ ಎದ್ದು ಒಳಗೆ ಹೋದರು.

ಇದಾಗಿ ಕೆಲವು ದಿನಗಳಲ್ಲಿ ಸುಧೀರ ತನ್ನ ವಿಮಾ ಕಚೇರಿಯಿಂದ ಒಂದು ಸುದ್ದಿ ತಂದ. ಸಹೋದ್ಯೋಗಿಯೊಬ್ಬನ ಭಾವಮೈದುನ ಸೆಲ್ವಂ ಎಂಬವನು ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ಕ್ಯಾಂಪರ್ ವ್ಯಾನ್ ಮಾಡಿಸಿದ್ದಾನೆ, ಒಂದು ದಿನದ ಮಟ್ಟಿಗೂ ಕೊಡುತ್ತಾನೆ, ಅವನೇ ಓಡಿಸುತ್ತಾನೆ. ಊಟದ ಮೇಜಿನ ಮೇಲೆ ಮೊಬೈಲ್ ಇಟ್ಟು ಸುಧೀರ ಒಂದೊಂದೇ ಫೋಟೋ ತೋರಿಸಿದ. ಇದು ಮಲಗುವ ಮಂಚ, ಮಡಚಿದರೆ ಸೋಫಾ. ಇದು ಒಲೆ. ಇದು ಕೈ ತೊಳೆಯುವ ನಲ್ಲಿ. ಅತ್ತೆ ಅದಕ್ಕೆ ಕೂಡಲೇ ಮನೆವ್ಯಾನು ಎಂದು ಹೆಸರಿಟ್ಟರು. ಒಂದು ಫೋಟೋವನ್ನು ಸುಧೀರ ಸ್ವಲ್ಪ ಬೇಗನೆ ದಾಟಿಸಿದ. ಮಾವ ಮೊಬೈಲನ್ನು ಹತ್ತಿರ ಎಳೆದುಕೊಂಡು, ಬೆರಳಿನಿಂದ ಹಿಂದಕ್ಕೆ ಸರಿಸಿ ಅದೇ ಫೋಟೋಗೆ ಬಂದರು.

"ಇದು ಎಂತ ಚಿಕ್ಕ ಬಾಗಿಲು?"

"ಅದು ಟಾಯ್ಲೆಟ್ಟು ಅಪ್ಪಯ್ಯ," ಎಂದ ಸುಧೀರ, ಅನ್ನ ಕಲಸುತ್ತಾ. "ಜಾನುವಿಗೆ ದಾರೀಲಿ ಅರ್ಜೆಂಟಾದ್ರೆ ಅಂತ."

ಸುಧೀರ ಅಷ್ಟು ಚೆನ್ನಾಗಿ ಸುಳ್ಳು ಹೇಳಬಲ್ಲ ಎಂದು ನನಗೆ ಆ ದಿನ ಗೊತ್ತಾಯಿತು. ಮಾವ ಫೋಟೋ ದೊಡ್ಡದು ಮಾಡಿ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಮರುದಿನ ನಾನು ಬ್ಯಾಂಕಿಗೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಹಿಂದೆ ಬಂದು ನಿಂತರು. ಮಗುವಿಗೆ ಬೇಜಾರಾಗುವುದು ಬೇಡ, ಅಷ್ಟು ಹಟ ಮಾಡುತ್ತದಾದರೆ ತಾವೂ ಬರುವುದಾಗಿ ಹೇಳಿದರು. ಮಗುವಿಗೋಸ್ಕರ ಎಂಬ ಮಾತನ್ನು ಎರಡು ಸಲ ಹೇಳಿದರು. ನಾನು ಮೆಟ್ಟಿಲಿಳಿಯುವಾಗ ಸುಧೀರನಿಗೆ ಫೋನ್ ಮಾಡಿ ವ್ಯಾನು ಗೊತ್ತುಮಾಡು ಎಂದೆ.

ಹೊರಡುವ ದಿನ ನಮ್ಮ ಗಲ್ಲಿಗೆ ಅದೊಂದು ಹಬ್ಬವೇ ಆಯಿತು. ವ್ಯಾನು ಗಲ್ಲಿಯೊಳಗೆ ಬಂತು, ತಿರುಗಲಿಲ್ಲ. ಎದುರು ಮನೆಯವರು ಸ್ಕೂಟರು ಸರಿಸಿದರು, ಇಸ್ತ್ರಿ ಅಂಗಡಿಯವನು ಗಾಡಿ ಸರಿಸಿದ, ಕೆಳಮನೆಯ ಮಾಮಿ ತಮ್ಮ ತುಳಸಿ ಕುಂಡವನ್ನೂ ಸರಿಸಿ, ಆ ಪುಣ್ಯಕ್ಕೆ ವ್ಯಾನಿನ ಒಳಗೆ ಹತ್ತಿ ಒಂದು ಸುತ್ತು ನೋಡಿ ಹೋದರು. ಸೆಲ್ವಂ ನಡುವಯಸ್ಸಿನ ಮನುಷ್ಯ. ವ್ಯಾನನ್ನು ಅವನು ವ್ಯಾನೆನ್ನುತ್ತಿರಲಿಲ್ಲ, 'ವೀಡು' ಎನ್ನುತ್ತಿದ್ದ. ತಮಿಳಿನಲ್ಲಿ ಮನೆ ಎಂದರ್ಥ. ವೀಡಿನೊಳಗೆ ಚಪ್ಪಲಿ ಹಾಕಬಾರದು, ವೀಡಿನ ನೆಲದ ಮೇಲೆ ಎಣ್ಣೆ ಚೆಲ್ಲಬಾರದು. ಅತ್ತೆಗೆ ಅವನ ಮೇಲೆ ತಕ್ಷಣ ಗೌರವ ಹುಟ್ಟಿತು.

ನಾನು ಕಟ್ಟಿಕೊಂಡ ಸಾಮಾನನ್ನು ನೋಡಿ ಸೆಲ್ವಂ ಎಷ್ಟು ದಿನದ ಪ್ರಯಾಣ ಎಂದು ಕೇಳಿದ. ಜ್ವರದ ಔಷಧಿ, ವಾಂತಿಯ ಔಷಧಿ, ಟಾರ್ಚು, ಹಗ್ಗ. ಹಗ್ಗ ಯಾಕೆಂದು ಕೇಳಬೇಡಿ. ಸಮುದ್ರಕ್ಕೆ ಹೋಗುವಾಗ ಹಗ್ಗ ಇರಬೇಕು ಎಂದು ನನಗೆ ಅನ್ನಿಸಿತು, ಅಷ್ಟೆ. ಅತ್ತೆ ಪುಳಿಯೋಗರೆ, ಮೊಸರನ್ನ, ಕೋಡುಬಳೆ ಮಾಡಿದ್ದರು. ಒಂದು ಚೀಲದ ಅಡಿಯಲ್ಲಿ, ಟವೆಲಿನೊಳಗೆ ಸುತ್ತಿ, ಬಿಳಿ ಪಂಚೆಗಳನ್ನು ಇಟ್ಟದ್ದನ್ನು ನಾನು ನೋಡಿಯೂ ನೋಡದ ಹಾಗೆ ಇದ್ದೆ.

ಜಾನುವಿಗೆ ಮಂಚ ಬೇಡ, ಕಿಟಕಿ ಬೇಡ, ಆ ಚಿಕ್ಕ ಬಾಗಿಲೇ ಬೇಕು. ನಮ್ಮ ಸ್ಟೀಲ್ ಬೀರುವಿನಷ್ಟು ಜಾಗ, ಅದರೊಳಗೆ ಒಂದು ಕಮೋಡು, ಒಂದು ನಲ್ಲಿ, ಗೊಂಬೆಯ ಮನೆಯ ಹಾಗೆ. ಅಡ್ಯಾರು ದಾಟುವುದರೊಳಗೆ ಬೇಕಾದದ್ದಕ್ಕೂ ಬೇಡದ್ದಕ್ಕೂ ಹೋಗಿ ಬಂದಳು. ಪ್ರತಿ ಸಲ ಹೊರಗೆ ಬಂದು, ಮುಗಿಯಿತು ಎಂದು ಎಲ್ಲರಿಗೂ ತಿಳಿಸುವುದು. ಮಾವ ಮಾತ್ರ ಒಮ್ಮೆಯೂ ಏಳಲಿಲ್ಲ. ಬೆಳಗಿನ ಕಾಫಿಯನ್ನೂ ಬೇಡ ಎಂದಿದ್ದರು. ನಮ್ಮೆಲ್ಲರ ಎದುರು ಎದ್ದು ಆ ಬಾಗಿಲಿಗೆ ಹೋಗುವುದೆಂದರೆ ಅದು ಯಾರಿಗೋಸ್ಕರ ಇದ್ದದ್ದು ಎಂದು ಒಪ್ಪಿಕೊಂಡ ಹಾಗೆ. ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು, ತೊಡೆಯ ಮೇಲಿನ ಕೈ ಮುಷ್ಟಿಯಾಗಿತ್ತು.

ಈಸ್ಟ್ ಕೋಸ್ಟ್ ರಸ್ತೆಗೆ ಬಂದು ಸ್ವಲ್ಪ ದೂರ ಹೋಗಿದ್ದೆವು. ಜಾನು ಇನ್ನೊಮ್ಮೆ ಒಳಗೆ ಹೋದಳು. ಈ ಸಲ ದೊಡ್ಡವರ ಹಾಗೆ ಚಿಲಕವನ್ನೂ ಹಾಕಿಕೊಂಡಳು. ಹಾಕಿದ್ದು ತೆಗೆಯಲು ಬರಲಿಲ್ಲ. ಬಾಗಿಲು ಬಡಿದಳು, ಆಮೇಲೆ ಅಳು ಶುರುವಾಯಿತು. ಸೆಲ್ವಂ ರಸ್ತೆಯ ಬದಿಗೆ ನಿಲ್ಲಿಸಿ ಓಡಿ ಬಂದ. ತಿರುಪುಗಳೆಲ್ಲ ಒಳಗಡೆಯೇ ಇವೆ, ಹೊರಗಿನಿಂದ ತೆಗೆಯಬೇಕಾದರೆ ಬಾಗಿಲನ್ನು ಒಡೆಯಬೇಕು ಎಂದ. ಸುಧೀರ ಭುಜ ಕೊಟ್ಟು ತಳ್ಳಲು ಹೋದ. ನಾನು ಹೊರಗಿನಿಂದ ಕೂಗಿ ಕೂಗಿ ಸೂಚನೆ ಕೊಟ್ಟೆ: ಎತ್ತು, ಎಳಿ, ಅತ್ತ ಅಲ್ಲ, ಇತ್ತ. ಬ್ಯಾಂಕಿನಲ್ಲಿ ನನ್ನ ಕೈಕೆಳಗಿನವರು ನನ್ನ ಸೂಚನೆಗಳನ್ನು ಹೇಗೆ ಸಹಿಸುತ್ತಾರೋ ತಿಳಿಯದು; ಮಗುವಿನ ಅಳು ಮಾತ್ರ ಹೆಚ್ಚಾಯಿತು.

ಮಾವ ಎದ್ದು ಬಂದರು. ನನ್ನನ್ನೂ ಸುಧೀರನನ್ನೂ ಕೈಯಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿ, ಆ ಬಾಗಿಲಿನ ಎದುರು ನೆಲದ ಮೇಲೆ ಕೂತರು. ಮಂಡಿ ಮಡಚಿ, ಚಕ್ಕಳಮಕ್ಕಳ ಹಾಕಿ, ಸಲೀಸಾಗಿ.

"ಜಾನೂ, ಅಜ್ಜ ಇಲ್ಲೇ ಕೂತಿದ್ದೇನೆ."

"ಕದವು ತೆರಕ್ಕಲೆ ಅಜ್ಜಾ," ಬಾಗಿಲು ತೆಗೆಯಲು ಬರುತ್ತಿಲ್ಲ ಎಂದು ಒಳಗಿನಿಂದ ಬಿಕ್ಕುವ ದನಿ.

"ಗೊತ್ತುಂಟು ಮಗಾ. ನೀನು ಹೆದರ್ಬೇಡ. ನಿಂಗೆ ಎಂತ ಅವಸರ ಇಲ್ಲ, ಅವಸರ ಇರುದು ನಂಗೆ." ಮಾವ ಬಾಗಿಲಿಗೆ ಇನ್ನಷ್ಟು ಹತ್ತಿರ ಸರಿದರು. "ಅಜ್ಜನಿಗೆ ಒಂದಕ್ಕೆ ಬಂದಿದೆ. ಆಗ್ಲೇ ಬಂದಿದೆ. ಅಜ್ಜನಿಗೆ ತಡ್ಕೊಳ್ಳಿಕ್ಕೆ ಆಗುದಿಲ್ಲ. ನೀನು ತೆಗೆದ್ರೆ ಮಾತ್ರ ನಂಗೆ ಹೋಗ್ಲಿಕ್ಕಾಗುದು."

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಹೊರಗೆ ಲಾರಿಯೊಂದು ಹೋದದ್ದಕ್ಕೆ ವ್ಯಾನು ಅಲುಗಿತು. ಬಾಗಿಲಿನ ಹಿಂದೆ ಅಳು ನಿಂತಿತು.

"ರೊಂಬ ಅರ್ಜೆಂಟಾ?"

"ಹೌದು. ತುಂಬಾ ಅರ್ಜೆಂಟು. ಈಗ ಕೇಳು. ನಮ್ಮ ದೇವರ ಗೂಡಿನ ಚಿಲಕ ನೀನೇ ತೆಗೀತಿಯಲ್ಲ? ಮೊದಲು ಸ್ವಲ್ಪ ಮೇಲೆ ಎತ್ತುದು, ಮತ್ತೆ ಎಳೆಯುದು. ಇದೂ ಹಾಗೇ. ಮೆಲ್ಲ."

ಒಳಗೆ ಏನೋ ಉಜ್ಜಿದ ಸದ್ದು. ಮತ್ತೊಮ್ಮೆ. ಆಮೇಲೆ ಟಕ್ ಎಂದು ಬಾಗಿಲು ತೆರೆದುಕೊಂಡಿತು. ಮೂಗು ಸುರಿಸಿಕೊಂಡ ಜಾನು ಹೊರಗೆ ಬಂದವಳು ನನ್ನ ಕಡೆ ನೋಡಲೂ ಇಲ್ಲ. ಅಜ್ಜನ ಕೈ ಹಿಡಿದು ಎಳೆದಳು. ಸುಧೀರ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದ. ಮಾವ ಒಳಗೆ ಹೋದ ಮೇಲೆ ಅವಳು ಬಾಗಿಲಿಗೆ ಅಡ್ಡವಾಗಿ ಎರಡೂ ಕೈ ಚಾಚಿ ನಿಂತು, ಯಾರೂ ಬರಬಾರದು, ಒಳಗೆ ಅಜ್ಜ ಇದ್ದಾರೆ ಎಂದು ನಮಗೆಲ್ಲ ತಮಿಳಿನಲ್ಲಿ ಅಪ್ಪಣೆ ಮಾಡಿದಳು. ಸೆಲ್ವಂ ಕೂಡ ಒಂದು ಹೆಜ್ಜೆ ಹಿಂದೆ ಸರಿದ.

ಮಾವ ಹೊರಗೆ ಬಂದಾಗ ಪಂಚೆಯ ಮುಂಭಾಗ ಒದ್ದೆಯಾಗಿತ್ತು. ಪೂರ್ತಿ ಸಮಯಕ್ಕೆ ಮುಟ್ಟಿರಲಿಲ್ಲ. ಬಾಗಿಲಿನ ಚೌಕಟ್ಟು ಹಿಡಿದುಕೊಂಡು ಅವರು ಅಲ್ಲೇ ನಿಂತರು. ನಾವೆಲ್ಲ ಎಲ್ಲಿ ನೋಡಬೇಕೆಂದು ತಿಳಿಯದೆ ಒಲೆಯನ್ನೋ ಕಿಟಕಿಯನ್ನೋ ನೋಡಿದೆವು. ನೇರವಾಗಿ ನೋಡಿದವಳು ಜಾನು ಒಬ್ಬಳೇ.

"ಪರವಾಯಿಲ್ಲೆ ಅಜ್ಜಾ," ಎಂದಳು, ಬಹಳ ಅನುಭವಸ್ಥಳ ಹಾಗೆ. "ಸ್ಕೂಲ್ಲೆ ಎನಕ್ಕುಂ ಆಯಿಡುಚ್ಚು."

ಶಾಲೆಯಲ್ಲಿ ತನಗೂ ಹಾಗೇ ಆಗಿತ್ತು, ಚಿಂತೆಯಿಲ್ಲ ಎಂದು ಅದರ ಅರ್ಥ. ಆಗಿದ್ದದ್ದು ನಿಜ. ಸೇರಿದ ಹೊಸತರಲ್ಲಿ ಚೀಲದಲ್ಲಿ ಒಂದು ಜೊತೆ ಬಟ್ಟೆ ಇಟ್ಟೇ ಕಳಿಸುತ್ತಿದ್ದೆ. ಮಾವ ಅವಳನ್ನು ನೋಡಿದರು. ಅವರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ನಗು ಬಂತು. ನಾನು ಮದುವೆಯಾಗಿ ಬಂದ ಮೇಲೆ ಅವರು ಹಾಗೆ ಕಣ್ಣಲ್ಲಿ ನೀರು ಬರುವಂತೆ ನಕ್ಕದ್ದನ್ನು ನೋಡಿರಲಿಲ್ಲ. ಅತ್ತೆ ನಗುತ್ತಿದ್ದರೋ ಅಳುತ್ತಿದ್ದರೋ ಹೇಳುವುದು ಕಷ್ಟ. "ಇವಳೇ, ಇನ್ನೊಂದು ಪಂಚೆ ತೆಗಿ," ಎಂದರು ಮಾವ, ಎಲ್ಲರಿಗೂ ಕೇಳುವ ಹಾಗೆ. ಅತ್ತೆ ಚೀಲದ ಅಡಿಯಿಂದ ಟವೆಲು ಬಿಚ್ಚಿ ಪಂಚೆ ತೆಗೆದುಕೊಟ್ಟರು. ಮಾವ ಉಟ್ಟುಕೊಂಡು ಬಂದು ಕೂತು, ಕಾಫಿ ಇದೆಯಾ ಎಂದು ಕೇಳಿದರು. ಫ್ಲಾಸ್ಕಿನಲ್ಲಿತ್ತು. ಎರಡು ಲೋಟ ಕುಡಿದರು.

ಸೆಲ್ವಂ ನಮ್ಮನ್ನು ಕರೆದುಕೊಂಡು ಹೋದದ್ದು ಒಂದು ಮೀನುಗಾರರ ಹಳ್ಳಿಯ ಪಕ್ಕದ ದಡಕ್ಕೆ. ಗಾಳಿಮರಗಳ ನೆರಳಿನಲ್ಲಿ ವ್ಯಾನು ನಿಲ್ಲಿಸಿ ಪಕ್ಕದ ದೊಡ್ಡ ಬಾಗಿಲನ್ನು ಸರಿಸಿದರೆ ಸಮುದ್ರ ಪೂರ್ತಿ ಎದುರಿಗೆ. ಒಣಗಲು ಹಾಕಿದ ಮೀನಿನ ವಾಸನೆಗೆ ಅತ್ತೆ ಮೂಗು ಮುಚ್ಚಿಕೊಂಡರು, ಮಾವ ದೀರ್ಘವಾಗಿ ಉಸಿರು ಎಳೆದುಕೊಂಡರು. ಊರಿನ ವಾಸನೆ ಎಂದರು.

ಇಷ್ಟು ದಿನ ಸಮುದ್ರ ಸಮುದ್ರ ಎಂದು ಜೀವ ತಿಂದ ಜಾನು ಅದನ್ನು ಕಂಡದ್ದೇ ತಡ, ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. ಅವಳಿಗೆ ಸದ್ದು ಹಿಡಿಸಲಿಲ್ಲ. ಟಿವಿಯದ್ದು ಮಾಡುವ ಹಾಗೆ ಸೌಂಡ್ ಕಡಿಮೆ ಮಾಡು ಎಂದು ಅಪ್ಪನನ್ನು ಕೇಳಿದಳು. ಅಪ್ಪನ ಕೈಯಲ್ಲಿ ಆಗುವ ಕೆಲಸ ಅದಲ್ಲ ಎಂದು ತಿಳಿದ ಮೇಲೆ ಒಣ ಮರಳಿನಲ್ಲೇ ಕೂತು, ನನ್ನ ಅಡುಗೆ ಸಾಮಾನಿನ ಚೀಲದಿಂದ ಜಾಲರಿ ಎತ್ತಿಕೊಂಡು ಮರಳು ಸೋಸತೊಡಗಿದಳು. ನನಗೂ ಅಲ್ಲೇ ಅವಳ ಪಕ್ಕ ಕೂರುವುದು ಸುಖವೆನಿಸಿತು. ಕಾವಲಿಗೆ ಯಾರಾದರೂ ಇರಬೇಕಲ್ಲ.

ಮಾವ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿಕಟ್ಟಿ ನೀರಿನ ಕಡೆ ಹೊರಟರು. ಒಣ ಮರಳಿನಲ್ಲಿ ಮುದುಕರ ಹಾಗೆ ತಡವರಿಸಿದವರ ನಡಿಗೆ ಒದ್ದೆ ಮರಳಿಗೆ ಕಾಲಿಟ್ಟದ್ದೇ ಬದಲಾಯಿತು. ಅಲೆ ಬಂದಾಗ ಅವರು ಹಿಂದಕ್ಕೆ ಓಡಲಿಲ್ಲ, ಎದುರಿಸಿ ನಿಲ್ಲಲೂ ಇಲ್ಲ, ಸ್ವಲ್ಪ ಓರೆಯಾಗಿ ತಿರುಗಿ ನಿಂತರು. ಅಲೆ ಅವರನ್ನು ಸವರಿಕೊಂಡು ಹೋಯಿತು. ಸುಧೀರ ಪಕ್ಕದಲ್ಲೇ ಇದ್ದ, ಬೀಳುತ್ತಾರೇನೋ ಎಂದು ಕೈ ಮುಂದೆ ಮಾಡಿಕೊಂಡು. ಮುಂದಿನ ಅಲೆಗೆ ಬಿದ್ದವನು ಸುಧೀರ.

ಅಪ್ಪ ಬಿದ್ದದ್ದು ಕಂಡು ಜಾನುವಿಗೆ ಧೈರ್ಯ ಬಂತು. ಅಜ್ಜನ ಹತ್ತಿರ ಓಡಿದಳು. ಮಾವ ಅವಳ ಎರಡೂ ಕೈ ಹಿಡಿದು ಓರೆ ನಿಲ್ಲುವುದು ಹೇಗೆ, ಹಿಮ್ಮಡಿ ಊರುವುದು ಹೇಗೆ ಎಂದು ಕಲಿಸಿದರು. ಪಾದದ ಕೆಳಗಿನ ಮರಳು ಜಾರಿದಾಗ ಅವಳು ಕಿರುಚಿ, ನಕ್ಕು, ಮತ್ತೆ ಬೇಕು ಎಂದಳು. ಸ್ವಲ್ಪ ಹೊತ್ತಿಗೆ ಮಾವ ನನ್ನ ಕಡೆ ತಿರುಗಿ, ಸುಮಾ, ನೀನೂ ಬಾ ಎಂದು ಕರೆದರು. ಮಾವ ನನ್ನನ್ನು ಯಾವುದಕ್ಕೂ ಹಾಗೆ ಕರೆದವರಲ್ಲ. ನನ್ನ ಹಗ್ಗ, ಟಾರ್ಚು, ಔಷಧಿಗಳನ್ನೆಲ್ಲ ಅತ್ತೆಯ ವಶಕ್ಕೆ ಒಪ್ಪಿಸಿ ಹೋದೆ. ಅವರ ಒಂದು ಕೈಯಲ್ಲಿ ಮೊಮ್ಮಗಳು, ಇನ್ನೊಂದರಲ್ಲಿ ಸೊಸೆ. ಅವರ ಅಂಗೈ ಒರಟಾಗಿ, ಬೆಚ್ಚಗೆ ಇತ್ತು. ನಾನು ಕಣ್ಣು ಮುಚ್ಚಿಕೊಂಡಿದ್ದೆ ಎಂದು ಸುಧೀರ ಹೇಳುತ್ತಾನೆ. ಇರಬಹುದು. ಆದರೆ ಬೆನ್ನು ಹಾಕಿರಲಿಲ್ಲ.

"ಇಷ್ಟು ಹತ್ತಿರ ಇದ್ದು ನಾನು ಎಂತಕ್ಕೆ ಬರ್ಲಿಲ್ಲ?" ಎಂದರು ಮಾವ, ನೀರನ್ನು ನೋಡುತ್ತಾ. ನಾನು ಉತ್ತರ ಹುಡುಕುವ ಮೊದಲೇ ಅವರೇ, "ಮೆಸ್ ಇತ್ತಲ್ಲ," ಎಂದರು. ಅದರಲ್ಲಿ ದುಃಖ ಇರಲಿಲ್ಲ. ಅಷ್ಟು ವರ್ಷ ಅಷ್ಟು ಜನರಿಗೆ ಬಡಿಸಿದ್ದು ಒಂದು, ಈಗ ಇಲ್ಲಿ ನಿಂತದ್ದು ಒಂದು, ಎರಡೂ ಸರಿಯಾಗಿಯೇ ಇದೆ ಎಂಬ ಹಾಗೆ ಇತ್ತು.

ಆಮೇಲೆ ಊಟ. ಮಡಚುವ ಮೇಜು ಬಿಡಿಸಿ, ಸಮುದ್ರದ ಕಡೆ ಮುಖ ಮಾಡಿ, ಸೆಲ್ವಂನನ್ನೂ ಕೂರಿಸಿಕೊಂಡು ಉಂಡೆವು. ಪುಳಿಯೋಗರೆಗೆ ಅವನು ಕೈಮುಗಿದ. ಮಧ್ಯಾಹ್ನ ಎಲ್ಲರೂ ಮಲಗಿದರು, ಮಂಚದ ಮೇಲೆ ಅಜ್ಜ, ಅಜ್ಜನ ಹೊಟ್ಟೆಯ ಮೇಲೆ ಕಾಲು ಹಾಕಿಕೊಂಡು ಮೊಮ್ಮಗಳು. ಎದ್ದ ಮೇಲೆ ನಾನು ವ್ಯಾನಿನ ಒಲೆಯಲ್ಲಿ ಚಹಾ ಮಾಡಿದೆ. ಜಾನುವಿನ ಜಾಲರಿಯನ್ನು ತೊಳೆದೇ ಬಳಸಿದೆ, ನನ್ನ ಮಟ್ಟಿಗೆ ಚೆನ್ನಾಗಿಯೇ ತೊಳೆದಿದ್ದೆ. ಫ್ಲಾಸ್ಕಿನ ಕಾಫಿ ಮುಗಿದಿದ್ದರಿಂದ ಮಾವನಿಗೂ ಅದೇ ಕೊಟ್ಟೆ. ಒಂದು ಜೀವಮಾನ ಪೂರ್ತಿ ಬೇರೆಯವರ ನಾಲಿಗೆಗೆ ಅಡುಗೆ ಮಾಡಿದ ಮನುಷ್ಯ ಆ ಮರಳಿನ ಚಹಾವನ್ನು ಕೊನೆಯ ತನಕ ಕುಡಿದು, ಲಾಯ್ಕಾಗಿದೆ, ಇನ್ನು ಸ್ವಲ್ಪ ಇದೆಯಾ ಎಂದರು. ನನ್ನ ಕೈಯ ಚಹಾಕ್ಕೆ ಈ ಮನೆಯಲ್ಲಿ ಸಿಕ್ಕ ಮೊದಲ ಮತ್ತು ಕೊನೆಯ ಪ್ರಶಸ್ತಿ ಅದು. ಹೊಸ ಜಾಲರಿ ಯಾಕೆ ತರುವುದಿಲ್ಲ ಎಂದು ಈಗ ನಿಮಗೆ ತಿಳಿದಿರಬೇಕು.

ಆ ದಿನ ಮಾವ ಆ ಚಿಕ್ಕ ಬಾಗಿಲಿಗೆ ಎಷ್ಟು ಸಲ ಹೋದರು ಎಂದು ಯಾರೂ ಲೆಕ್ಕ ಇಡಲಿಲ್ಲ. ನೀರಿನಿಂದ ಬಂದು ಹೋದರು, ಊಟಕ್ಕೆ ಮುಂಚೆ ಹೋದರು, ಹಿಂದಿರುಗುವ ದಾರಿಯಲ್ಲಿ ಹೋದರು. ಪ್ರತಿ ಸಲ ಜಾನು ಎಲ್ಲಿದ್ದರೂ ಓಡಿ ಬಂದು ಕಾವಲು ನಿಂತಳು. ಸಂಜೆ ಸೂರ್ಯ ನಮ್ಮ ಎಡಗಡೆ ತೆಂಗಿನ ತೋಪುಗಳ ಹಿಂದೆ ಇಳಿಯುವಾಗ ಮಾವ ಅದನ್ನು ನೋಡಿದರು. ಏನಾದರೂ ದೂರು ಹೇಳುತ್ತಾರೆಂದು ಕಾದೆ. ಹೇಳಲಿಲ್ಲ. ಗಲ್ಲಿಯಲ್ಲಿ ಇಳಿದಾಗ ಸುಧೀರ ಸೆಲ್ವಂನ ಎರಡೂ ಕೈ ಹಿಡಿದುಕೊಂಡು, ಏನೋ ಹೇಳಲು ಹೋಗಿ, ವ್ಯಾನು ತುಂಬಾ ಚೆನ್ನಾಗಿದೆ ಎಂದಷ್ಟೇ ಹೇಳಿದ. ವೀಡಿನ ತುಂಬ ಮರಳಾಗಿದೆ ಎಂದ ಸೆಲ್ವಂ, ಪೊರಕೆ ಹುಡುಕುತ್ತಾ.

ನಾನು ದೇವರನ್ನು ದಿನಾ ನೆನೆಯುವವಳಲ್ಲ. ಆದರೆ ಒಂದು ಹಳೆಯ ಟೆಂಪೋದೊಳಗೆ ಅಷ್ಟು ಇಕ್ಕಟ್ಟಿನಲ್ಲೂ ಒಂದು ಕಮೋಡು ಕೂರಿಸಬೇಕೆಂದು ಯಾರಿಗೋ ಹೊಳೆಯಿತಲ್ಲ, ಅವರ ಹೊಟ್ಟೆ ತಣ್ಣಗಿರಲಿ ಎಂದು ಆಗಾಗ ಅಂದುಕೊಳ್ಳುತ್ತೇನೆ. ಆ ಗಟ್ಟಿ ಚಿಲಕ ಮಾಡಿದವರದ್ದೂ.

ಎಣ್ಣೆಯ ಬಾಟಲಿಯನ್ನು ಮಾವ ತಾವಾಗಿಯೇ ಎತ್ತಿ ಅಟ್ಟದ ಮೇಲಿಟ್ಟರು. ಡಾಕ್ಟರ ಹತ್ತಿರ ಹೋಗಿ ಈ ತೊಂದರೆಯನ್ನು ನೇರವಾಗಿ ಹೇಳಿ, ಮಾತ್ರೆಯನ್ನೂ ಮಾಡಬೇಕಾದ ಒಂದು ವ್ಯಾಯಾಮವನ್ನೂ ಕೇಳಿಕೊಂಡು ಬಂದರು. ಸ್ವಲ್ಪ ಗುಣ ಕಂಡಿದೆ, ಪೂರ್ತಿ ಅಲ್ಲ. ಹೊರಗೆ ಹೊರಟರೆ ಜಾನು ಅಜ್ಜನ ಚೀಲದಲ್ಲಿ ಪಂಚೆ ಇದೆಯೋ ಎಂದು ನೋಡುತ್ತಾಳೆ, ಅಜ್ಜ ಅವಳ ಚೀಲದಲ್ಲಿ ಚಡ್ಡಿ ಇದೆಯೋ ಎಂದು ನೋಡುತ್ತಾರೆ.

ಹೋದ ವಾರ ತ್ರಿಪ್ಲಿಕೇನಿನಿಂದ ಒಂದು ಕರೆಯೋಲೆ ಬಂತು. ಮೆಸ್ಸಿನ ಕಾಲದ ಗೆಳೆಯರಾದ ವಾಸುದೇವರಾಯರ ಮೊಮ್ಮಗನ ಉಪನಯನ. ಮೊದಲಾಗಿದ್ದರೆ ಮಂಡಿ ನೀವಿಕೊಳ್ಳುತ್ತಿದ್ದರು. ಈ ಸಲ ಅವರೇ ಫೋನ್ ಹಚ್ಚಿದರು. ಯೋಗಕ್ಷೇಮವೆಲ್ಲ ಆದ ಮೇಲೆ, ಅಡುಗೆಮನೆಯಲ್ಲಿದ್ದ ನನಗೂ ಕೇಳುವಷ್ಟು ಗಟ್ಟಿಯಾಗಿ ಕೇಳಿದರು.

"ಅದೆಲ್ಲ ಸರಿ ವಾಸು, ಛತ್ರದಲ್ಲಿ ಟಾಯ್ಲೆಟ್ ಎಲ್ಲಿ ಉಂಟು? ಊಟದ ಜಾಗಕ್ಕೆ ಹತ್ತಿರವಾ, ದೂರವಾ? ಇಲ್ಲ, ನಂಗೆ ಆಪರೇಷನ್ ಆದ ಮೇಲೆ ತಡ್ಕೊಳ್ಳಿಕ್ಕೆ ಆಗುದಿಲ್ಲ, ಅದಕ್ಕೆ ಕೇಳಿದ್ದು."

ಆ ಕಡೆಯವರು ಏನೋ ಹೇಳತೊಡಗಿದರು, ಹೇಳುತ್ತಲೇ ಹೋದರು. ಮಾವ ಕೇಳುತ್ತಾ ನಿಂತಿದ್ದರು. ಅವರ ಮುಖ ನಿಧಾನವಾಗಿ ಅರಳಿತು.

"ಹೌದಾ ಮಾರಾಯ? ನಿಂಗೂ ಹಾಗೇನಾ?" ಎಂದರು. ಆಮೇಲೆ ಕಾಲಿನಿಂದ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಆರಾಮಾಗಿ ಕೂತರು.